ಸಮತೋಲನದ ಸೂತ್ರಕಾರ ಹೆನ್ರಿ ಲೆ ಶಾಟೆಲಿಯೆ

ರಸಾಯನಶಾಸ್ತ್ರದ ಪಠ್ಯವನ್ನು ಓದಿದವರಿಗೆಲ್ಲ ಲೆ ಶಾಟೆಲಿಯೆ ಎಂಬುದು ಒಂದು ನಿಯಮದ ಹೆಸರಾಗಿ ಪರಿಚಿತ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನೆಂಬುದು ಅಷ್ಟಾಗಿ ನೆನಪಿರುವುದಿಲ್ಲ. ವ್ಯಾಕರಣ ಅಲಂಕಾರಗಳಲ್ಲಿ ಆಯುಷ್ಯ ಕಳೆದ ನನಗೆ ಆ ನಿಯಮವನ್ನು ತೋರಿಸಿಕೊಟ್ಟವರು ವಿಜ್ಞಾನದ ಉಪಾಧ್ಯಾಯ ಮಿತ್ರರೊಬ್ಬರು. ಸಾರಜನಕದ ಕಂದು ಆಕ್ಸೈಡನ್ನು ತುಂಬಿ ಬಾಯಿ ಮುಚ್ಚಿದ ಗಾಜಿನ ನಳಿಗೆಯನ್ನು ಅವರು ಬಿಸಿನೀರಿನಲ್ಲಿಟ್ಟರು, ಬಣ್ಣ ಗಾಢವಾಯಿತು. ಮಂಜುಗಡ್ಡೆಯಲ್ಲಿಟ್ಟರು, ಬಣ್ಣ ತಿಳಿಯಾಯಿತು. ಒಳಗಿನ ಒಂಟಿ ಅಣುಗಳಿಗೆ ಕಂದು ಬಣ್ಣ, ಜೋಡಿಯಾದವುಗಳಿಗೆ ಬಣ್ಣವಿಲ್ಲ. ಜೋಡಿಯಾಗುವಾಗ ಶಾಖ ಹೊರಬೀಳುತ್ತದೆ, ಬೇರ್ಪಡುವಾಗ ಶಾಖ ಒಳಸೇರುತ್ತದೆ. ಹೊರಗಿನಿಂದ ಶಾಖ ಕೊಟ್ಟರೆ ಅದನ್ನು ಹೀರುವ ಕಡೆಗೆ, ಅಂದರೆ ಬೇರ್ಪಡುವ ಕಡೆಗೆ, ಸಮತೋಲನ ವಾಲುತ್ತದೆ. ತಂಪು ಮಾಡಿದರೆ ಶಾಖವನ್ನು ಹೊರಚೆಲ್ಲುವ ಕಡೆಗೆ ವಾಲುತ್ತದೆ.

ಹೆನ್ರಿ ಲೂಯಿ ಲೆ ಶಾಟೆಲಿಯೆ ಅವರು 1850ನೆಯ ಇಸವಿ ಅಕ್ಟೋಬರ್ 8ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಲೂಯಿ ಅವರು ಗಣಿ ಇಲಾಖೆಯ ಇಂಜಿನಿಯರು. ರೈಲುಮಾರ್ಗ, ಅಲ್ಯೂಮಿನಿಯಂ, ಉಕ್ಕು ಈ ಉದ್ಯಮಗಳಲ್ಲೆಲ್ಲ ಕೈಯಾಡಿಸಿದವರು. ಮನೆಯಲ್ಲಿ ವಿಜ್ಞಾನವೂ ಕುಲುಮೆಯೂ ಒಂದೇ ಮಾತಿನಲ್ಲಿ ಬರುತ್ತಿದ್ದ ಕಾಲವದು. ಹೆನ್ರಿ 1869ರಲ್ಲಿ ಪಾಲಿಟೆಕ್ನಿಕ್ ವಿದ್ಯಾಲಯವನ್ನು ಸೇರಿದರು; ಮರುವರ್ಷ ಪ್ರಷ್ಯದೊಡನೆ ಯುದ್ಧ ಹತ್ತಿದಾಗ ಸೈನ್ಯದಲ್ಲಿ ಸೇವೆ ಸಲ್ಲಿಸಿದರು. ಅನಂತರ ಗಣಿ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, 1877ರಲ್ಲಿ ಅಲ್ಲಿಯೇ ರಸಾಯನಶಾಸ್ತ್ರದ ಅಧ್ಯಾಪಕರಾದರು.

ಅವರ ಚಿಂತನೆಗೆ ಆಸರೆಯಾದದ್ದು ಗ್ರಂಥಗಳಿಗಿಂತ ಹೆಚ್ಚಾಗಿ ಕಾರ್ಖಾನೆಗಳ ಕಷ್ಟನಷ್ಟಗಳು. ಸಿಮೆಂಟು ಏಕೆ ಗಟ್ಟಿಯಾಗುತ್ತದೆಂಬುದು ಅವರ 1887ರ ಪ್ರೌಢಪ್ರಬಂಧದ ವಿಷಯ. ಕಲ್ಲಿದ್ದಲ ಗಣಿಗಳಲ್ಲಿ ಸಿಡಿದು ಕೂಲಿಕಾರರನ್ನು ಬಲಿತೆಗೆದುಕೊಳ್ಳುತ್ತಿದ್ದ ಅನಿಲವನ್ನು ಅವರು ಮಲ್ಲಾರ್ ಎಂಬ ವಿದ್ವಾಂಸರೊಡನೆ ಪರೀಕ್ಷಿಸಿದರು. ಕುಲುಮೆಯ ಉರಿಯನ್ನು ಕಣ್ಣಂದಾಜಿನಿಂದ ಅಳೆಯುವುದೇ ರೂಢಿಯಾಗಿದ್ದಾಗ, ಪ್ಲಾಟಿನಂ ತಂತಿಯೊಂದನ್ನೂ ಪ್ಲಾಟಿನಂ-ರೋಡಿಯಂ ಮಿಶ್ರಲೋಹದ ತಂತಿಯೊಂದನ್ನೂ ಬೆಸೆದು, ಅಲ್ಲಿ ಹುಟ್ಟುವ ವಿದ್ಯುತ್ತಿನಿಂದ ಉಷ್ಣತೆಯನ್ನು ನಂಬಿಕೆಗೆ ತಕ್ಕಂತೆ ಅಳೆಯುವ ಸಾಧನವನ್ನು ರೂಪಿಸಿದರು.

ಕಬ್ಬಿಣದ ಊದುಕುಲುಮೆಯ ಪ್ರಸಂಗ ಹೇಳದೆ ಮುಂದೆ ಹೋಗಲಾಗದು. ಅದಿರಿನ ಆಮ್ಲಜನಕವನ್ನು ಕಸಿಯಬೇಕಾದ ಇಂಗಾಲದ ಮಾನಾಕ್ಸೈಡಿನಲ್ಲಿ ಬಹುಪಾಲು ಹೊಗೆಗೂಡಿನಿಂದ ವ್ಯರ್ಥವಾಗಿ ಹೊರಬೀಳುತ್ತಿತ್ತು. ಅದಿರೂ ಅನಿಲವೂ ಕೂಡಿರುವ ಅವಧಿ ಸಾಲದೆಂದು ಬಗೆದು ಉದ್ಯಮಿಗಳು ಅಪಾರ ಹಣ ಸುರಿದು ಕುಲುಮೆಗಳನ್ನು ಎತ್ತರಿಸಿದರು. ವ್ಯರ್ಥವಾಗುವ ಪಾಲು ಇಳಿಯಲೇ ಇಲ್ಲ. ಕ್ರಿಯೆ ಮುಗಿಯದೆ ನಿಂತದ್ದು ವೇಳೆ ಸಾಲದೆ ಅಲ್ಲ, ಸಮತೋಲನ ಮುಟ್ಟಿದ್ದರಿಂದ ಎಂಬುದನ್ನು ಕಂಡುಕೊಂಡಿದ್ದರೆ ಆ ಹಣವೆಲ್ಲ ಉಳಿಯುತ್ತಿತ್ತು.

ಉಷ್ಣತೆಗೂ ಸಮತೋಲನಕ್ಕೂ ಇರುವ ಸಂಬಂಧವನ್ನು ಹಾಲೆಂಡಿನ ವಾಂಟ್ ಹಾಫ್ ಅವರು 1884ರಲ್ಲಿ ನಿರೂಪಿಸಿದ್ದರು. ಅದೇ ವರ್ಷ ಲೆ ಶಾಟೆಲಿಯೆ ಆ ಮಾತನ್ನು ಒತ್ತಡಕ್ಕೂ ಸಾಂದ್ರತೆಗೂ ವಿಸ್ತರಿಸಿದರು. ಮೊದಲ ನಿರೂಪಣೆ ಉದ್ದವಾಗಿತ್ತು, ತೊಡಕಾಗಿಯೂ ಇತ್ತು; 1888ರಲ್ಲಿ ಅದನ್ನೇ ಚಿಕ್ಕದಾಗಿ ಹೇಳಿದರು. ಅರ್ಧಮಾತ್ರೆ ಉಳಿದರೂ ಹಿಗ್ಗುವ ನಮ್ಮ ವೈಯಾಕರಣರು ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದರು.

ಇಂಥ ಸೂತ್ರಕಾರನಿಗೆ ತನ್ನ ಸೂತ್ರದ ಅತಿದೊಡ್ಡ ಫಲ ಕೈತಪ್ಪಿತು. ಗಾಳಿಯ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯ ಮಾಡಬಲ್ಲವರು ಗೊಬ್ಬರಕ್ಕಾಗಿ ಚಿಲಿ ದೇಶದ ಲವಣವನ್ನು ಕಾಯಬೇಕಿರಲಿಲ್ಲ. ಈ ಕೂಟದಲ್ಲಿ ಶಾಖ ಹೊರಬೀಳುತ್ತದೆ, ನಾಲ್ಕು ಅಣುಗಳು ಎರಡಾಗುತ್ತವೆ. ಆದ್ದರಿಂದ ತಂಪೂ ಅಧಿಕ ಒತ್ತಡವೂ ಅನುಕೂಲ. ಆದರೆ ತಂಪಿನಲ್ಲಿ ಕ್ರಿಯೆ ಆಮೆಯಂತೆ ತೆವಳುತ್ತದೆ. ವಾಯುಮಂಡಲದ 200 ಪಟ್ಟು ಒತ್ತಡದಲ್ಲಿ, 400 ಡಿಗ್ರಿಯಲ್ಲಿ ಮಿಶ್ರಣದ ಮೂರನೆಯ ಒಂದಕ್ಕಿಂತ ತುಸು ಹೆಚ್ಚು ಅಮೋನಿಯವಾಗಬಲ್ಲದು. 600 ಡಿಗ್ರಿಗೆ ಏರಿಸಿದರೆ ನೂರರಲ್ಲಿ ಸುಮಾರು ಎಂಟು ಪಾಲು ಮಾತ್ರ. ಪ್ರಮಾಣ ಬೇಕೆಂದರೆ ವೇಗವಿಲ್ಲ, ವೇಗ ಬೇಕೆಂದರೆ ಪ್ರಮಾಣವಿಲ್ಲ. ಕಬ್ಬಿಣದ ಪುಡಿಯನ್ನು ವೇಗವರ್ಧಕವಾಗಿಟ್ಟು, ಸುಮಾರು 600 ಡಿಗ್ರಿ ಉಷ್ಣತೆಯಲ್ಲಿ, 200 ವಾಯುಮಂಡಲದ ಒತ್ತಡದಲ್ಲಿ ಲೆ ಶಾಟೆಲಿಯೆ 1901ರಲ್ಲಿ ಪ್ರಯೋಗಕ್ಕೆ ಕೈಯಿಟ್ಟರು. ಉಪಕರಣದಲ್ಲಿ ಗಾಳಿ ಸೇರಿಕೊಂಡಿತ್ತು. ಅದರ ಆಮ್ಲಜನಕ ಜಲಜನಕದೊಡನೆ ಕೂಡಿ ಉಕ್ಕಿನ ಪಾತ್ರೆ ಸಿಡಿಯಿತು. ಸಹಾಯಕನೊಬ್ಬನು ಸಾವಿನ ದವಡೆಯಿಂದ ಪಾರಾದನು. ಕಾರಣ ಇಷ್ಟೇ ಎಂದು ಗೊತ್ತಾದಮೇಲೂ ಅವರು ಆ ಕೆಲಸವನ್ನು ಮುಂದುವರಿಸಲಿಲ್ಲ. ಒಬ್ಬನ ಪ್ರಾಣ ಹೋಗುವುದರಲ್ಲಿದ್ದುದನ್ನು ಕಂಡ ಮೇಷ್ಟರ ಕೈ ಹಿಂಜರಿದಿದ್ದರೆ ಅದನ್ನು ಹೇಡಿತನವೆನ್ನಲು ನನಗೆ ಮನಸ್ಸಿಲ್ಲ.

ಅದೇ ದಾರಿಯಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ಗೆದ್ದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ಇಳಿಸಿದರು; 1913ರಲ್ಲಿ ಒಪ್ಪೌ ಎಂಬಲ್ಲಿ ಉತ್ಪಾದನೆ ಆರಂಭವಾಯಿತು. ಮರುವರ್ಷವೇ ಮಹಾಯುದ್ಧ. ಹೊಲಕ್ಕೆ ಗೊಬ್ಬರವಾಗಬೇಕಾದ ಅಮೋನಿಯವೇ ಜರ್ಮನಿಯ ಸಿಡಿಮದ್ದಿಗೆ ಮೂಲವಾಯಿತು, ಆ ಮದ್ದು ಲೆ ಶಾಟೆಲಿಯೆಯವರ ತಾಯ್ನಾಡಿನ ಮೇಲೆ ಬಿತ್ತು.

ಮಾನಸನ್ಮಾನಗಳಿಗೆ ಅವರಿಗೆ ಕೊರತೆಯಿರಲಿಲ್ಲ. 1907ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, 1916ರಲ್ಲಿ ಇಂಗ್ಲೆಂಡಿನ ರಾಯಲ್ ಸೊಸೈಟಿಯ ಡೇವಿ ಪದಕ ದೊರೆತವು. ಸೊರ್ಬಾನಿನ ಪೀಠದಲ್ಲಿ ಬಹುಕಾಲ ಬೋಧಿಸಿದರು. ಆದರೂ ಬಾಳಿನ ಕೊನೆಯ ವರ್ಷದಲ್ಲಿ, ಎಂಬತ್ತೈದರ ವೃದ್ಧಾಪ್ಯದಲ್ಲಿ, ಅಮೋನಿಯವನ್ನು ಕೈಬಿಟ್ಟದ್ದೇ ತಮ್ಮ ವೈಜ್ಞಾನಿಕ ಜೀವನದ ಅತಿದೊಡ್ಡ ಪ್ರಮಾದವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. 1936ನೆಯ ಇಸವಿ ಸೆಪ್ಟೆಂಬರ್ 17ರಂದು ಮಿರಿಬೆಲ್ ಎಂಬ ಹಳ್ಳಿಯಲ್ಲಿ ಅವರು ಕಾಲವಾದರು.