ಗಗನಯಾತ್ರಿ ಕಲ್ಪನಾ ಚಾವ್ಲಾ

ಅಂತರಿಕ್ಷಕ್ಕೇರಿದ ಭಾರತ ಸಂಜಾತ ಸ್ತ್ರೀಯರಲ್ಲಿ ಮೊದಲಿಗರು ಕಲ್ಪನಾ ಚಾವ್ಲಾ. ಅವರ ಸಾಹಸವನ್ನು ನಾವೆಲ್ಲರೂ ಕೊಂಡಾಡುತ್ತೇವೆ. ಆದರೆ ಆ ಸಾಹಸದ ಹಿಂದಿನ ಸಿದ್ಧತೆಯ ಕಡೆಗೆ ನಮ್ಮ ಗಮನ ಹರಿಯುವುದು ಅಪರೂಪ.

ಇಂದಿನ ಹರಿಯಾಣದ ಕರ್ನಾಲ್ ನಗರದಲ್ಲಿ 1962ರ ಮಾರ್ಚ್ 17ರಂದು ಅವರು ಜನಿಸಿದರು. ಆ ಊರಿನ ಆಕಾಶದಲ್ಲಿ ಹಾರುತ್ತಿದ್ದ ಪುಟ್ಟ ವಿಮಾನಗಳು ಬಾಲೆಯ ಮನಸ್ಸನ್ನು ಸೆರೆಹಿಡಿದವು. ಚಂಡೀಗಢದ ಪಂಜಾಬ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕರು ಬೇರೆ ವಿಷಯವನ್ನು ಸೂಚಿಸಿದರೂ, ಅವರು ವಿಮಾನಶಾಸ್ತ್ರವನ್ನೇ ಹಿಡಿದು 1982ರಲ್ಲಿ ಪದವೀಧರೆಯಾದರು. ಅನಂತರ ಅಮೆರಿಕೆಗೆ ತೆರಳಿ, 1988ರಲ್ಲಿ ಕೊಲರಾಡೋ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದರು. 1994ರ ಡಿಸೆಂಬರಿನಲ್ಲಿ ನಾಸಾ ಸಂಸ್ಥೆ ಅವರನ್ನು ಗಗನಯಾತ್ರಿಯಾಗಿ ಆರಿಸಿತು.

ಆರಿಸಿದೊಡನೆ ಹಾರುವ ಯೋಗ ಕೂಡಿಬರಲಿಲ್ಲ. ತರಬೇತಿಯ ಬಳಿಕ, ನೌಕೆಯನ್ನು ನಡೆಸುವ ಕಂಪ್ಯೂಟರ್ ಆದೇಶಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಕೆಲಸವೂ ಅವರ ಪಾಲಿಗೆ ಬಂದಿತು.

ಅವರು ಏರಿದ ನೌಕೆ ಕೊಲಂಬಿಯಾ. 1981ರ ಏಪ್ರಿಲ್ 12ರಂದು ಮೊದಲ ಬಾರಿ ಹಾರಿದ ಇದು, ಹೋಗಿ ಬಂದು ಮತ್ತೆ ಹೋಗಬಲ್ಲ ವಾಹನವಾಗಿತ್ತು. ಆದರೆ ಮರಳಿದ ನೌಕೆಗೆ ಇಂಧನ ತುಂಬಿದ ಮಾತ್ರಕ್ಕೆ ಅದು ಮತ್ತೆ ಹಾರುವಂತಿರಲಿಲ್ಲ. ಅದರ ಮೈಗೆ ಹೊದಿಸಿದ, ಬೆಂಕಿಯ ತಾಪವನ್ನು ತಡೆಯುವ 24,000ಕ್ಕೂ ಮಿಕ್ಕ ಬಿಲ್ಲೆಗಳನ್ನು ತಪಾಸಣೆ ಮಾಡಬೇಕಿತ್ತು. ಮೂರು ಮುಖ್ಯ ಎಂಜಿನುಗಳನ್ನು ಬಿಚ್ಚಿ ನೋಡಬೇಕಿತ್ತು. ಬಳಿಕ 160 ಮೀಟರ್ ಎತ್ತರದ ಕಟ್ಟಡದಲ್ಲಿ ನೌಕೆಯನ್ನು ನೆಟ್ಟಗೆ ನಿಲ್ಲಿಸಿ, ಇಂಧನದ ದೊಡ್ಡ ತೊಟ್ಟಿಗೂ ಎರಡು ರಾಕೆಟ್ಟುಗಳಿಗೂ ಜೋಡಿಸುತ್ತಿದ್ದರು. ಕೊನೆಗೆ ಭಾರಿ ಬಂಡಿಯೊಂದು ಅದನ್ನು ಹೊತ್ತು, ಮನುಷ್ಯನ ನಡಿಗೆಗಿಂತಲೂ ನಿಧಾನವಾಗಿ ಉಡಾವಣೆಯ ಕಟ್ಟೆಗೆ ಸಾಗಿಸುತ್ತಿತ್ತು. ಗಂಟೆಗೆ 28,000 ಕಿಲೋಮೀಟರ್ ವೇಗದಲ್ಲಿ ಸುತ್ತುವ ನೌಕೆಯ ಪಯಣ ಹೀಗೆ ಆಮೆಯ ನಡಿಗೆಯಿಂದಲೇ ಆರಂಭವಾಗುತ್ತಿತ್ತು.

1997ರ ನವೆಂಬರ್ 19ರಂದು ಕಲ್ಪನಾ ಮೊದಲ ಬಾರಿ ಹಾರಿದರು. ಆ ಯಾತ್ರೆಯಲ್ಲಿ ಅವರು ಯಂತ್ರದ ತೋಳಿನಿಂದ ಹೊರಗೆ ಬಿಟ್ಟ ಉಪಗ್ರಹವೊಂದು ಕೆಲಸಮಾಡಲಿಲ್ಲ. ಸಹಯಾತ್ರಿಗಳಿಬ್ಬರು ನೌಕೆಯಿಂದ ಹೊರಬಂದು ಅದನ್ನು ಹಿಡಿಯಬೇಕಾಯಿತು. ತಪ್ಪು ಅವರದೇ ಎಂಬ ಮಾತು ಹಬ್ಬಿತು. ತನಿಖೆಯು ಕಾರ್ಯಕ್ರಮದ ಕ್ರಮವಿಧಾನಗಳಲ್ಲಿಯೇ ಲೋಪಗಳಿದ್ದುದನ್ನು ಗುರುತಿಸಿತು. ಕಲ್ಪನಾ ಎದೆಗುಂದದೆ ದುಡಿಮೆಯನ್ನು ಮುಂದುವರಿಸಿದರು.

ಎರಡನೆಯ ಯಾತ್ರೆ ಹಲವು ಸಲ ಮುಂದಕ್ಕೆ ಹೋಯಿತು. 2002ರಲ್ಲಿ ಇಂಧನದ ಕೊಳವೆಗಳ ಒಳಪದರದಲ್ಲಿ ಬಿರುಕುಗಳು ಕಂಡುದರಿಂದ ಉಡಾವಣೆಯನ್ನು ತಡೆದು ದುರಸ್ತಿ ಮಾಡಿದರು. ಕೊನೆಗೆ 2003ರ ಜನವರಿ 16ರಂದು ಕೊಲಂಬಿಯಾ ಏಳು ಮಂದಿಯನ್ನು ಹೊತ್ತು ತನ್ನ 28ನೆಯ ಯಾತ್ರೆಗೆ ಹೊರಟಿತು. ಹೊರಟು ಒಂದೂವರೆ ನಿಮಿಷವಾಗುವ ಮೊದಲೇ ತೊಟ್ಟಿಯ ಹೊದಿಕೆಯಿಂದ ಹಗುರವಾದ ನೊರೆಯ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ಹಿಂದಿನ ಯಾತ್ರೆಗಳಲ್ಲಿಯೂ ನೊರೆ ಕಳಚುತ್ತಿತ್ತು. ಕೇಡಾಗಲಿಲ್ಲವಾದ್ದರಿಂದ ಅದು ರೂಢಿಯ ಸಂಗತಿಯಾಗಿಬಿಟ್ಟಿತ್ತು. ಫೆಬ್ರವರಿ 1ರಂದು ಮರಳುವಾಗ ರೆಕ್ಕೆಯ ಆ ಗಾಯದೊಳಗೆ ಕಾದ ಅನಿಲ ನುಗ್ಗಿತು. ಇಳಿಯಲು ಕಾಲುಗಂಟೆಯಷ್ಟೇ ಉಳಿದಿರಲು ನೌಕೆ ಛಿದ್ರವಾಯಿತು. ಏಳು ಮಂದಿಯೂ ಅಸುನೀಗಿದರು.

ಭಾರತವು ತನ್ನ ಹವಾಮಾನ ಉಪಗ್ರಹಕ್ಕೆ ಕಲ್ಪನಾ-1 ಎಂದು ಹೆಸರಿಟ್ಟಿತು. ಕರ್ನಾಟಕ ಸರ್ಕಾರವು ತರುಣ ವಿಜ್ಞಾನಿ ಸ್ತ್ರೀಯರಿಗಾಗಿ ಅವರ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿತು.

ವಿದ್ಯಾರ್ಥಿಗಳೇ, ಬಿರುಕನ್ನು ಕಂಡು ತಡೆದವರು ಜಾಗರೂಕರೇ. ನೊರೆಯನ್ನು ಕಂಡೂ ಬಿಟ್ಟವರು ದುಷ್ಟರಲ್ಲ. ನಿನ್ನೆ ಕೇಡಾಗಲಿಲ್ಲ, ಇಂದೂ ಆಗದು ಎಂಬ ನೆಮ್ಮದಿಯೇ ಅವರನ್ನು ವಂಚಿಸಿತು. ನಮ್ಮಲ್ಲಿ ಯಾರಾದರೂ ನಾಳೆ ಸೇತುವೆ ಕಟ್ಟಬಹುದು, ಔಷಧ ಅಳೆಯಬಹುದು, ರೈಲು ನಡೆಸಬಹುದು. ಆಗ ನಮ್ಮ ಕೆಲಸವನ್ನು ನಂಬಿ ಕುಳಿತವರ ಪ್ರಾಣ ನಮ್ಮ ಕೈಯಲ್ಲಿರುತ್ತದೆ. ನೂರನೆಯ ಸಲವನ್ನೂ ಮೊದಲ ಸಲದಂತೆಯೇ ಪರೀಕ್ಷಿಸೋಣ. ಕಲ್ಪನಾ ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.