ಉಭಯಲೋಕಾಧೀಶ್ವರ ಧೋಂಡಿಯ ವಾಘ

ಶಿವಗಂಗೆಯ ಗಂಗಾಧರೇಶ್ವರನಿಗೆ ಸಲ್ಲಿಸಿದ ತುಪ್ಪವು ಲಿಂಗವನ್ನು ಸೋಕಿದೊಡನೆ ಬೆಣ್ಣೆಯಾಗುವುದೆಂದು ಭಕ್ತರ ನಂಬಿಕೆ. ಚರಿತ್ರೆಯಲ್ಲಿಯೂ ಇಂತಹ ಮಾರ್ಪಾಟು ಉಂಟು. ಒಬ್ಬನೇ ಮನುಷ್ಯನು ಒಬ್ಬರ ಲೇಖನಿಯಲ್ಲಿ ದರೋಡೆಕಾರನಾಗುತ್ತಾನೆ, ಇನ್ನೊಬ್ಬರ ಲೇಖನಿಯಲ್ಲಿ ದೇಶಭಕ್ತನಾಗುತ್ತಾನೆ. ಧೋಂಡಿಯ ವಾಘನು ಅಂಥವನು.

ಚನ್ನಗಿರಿಯ ಮರಾಠಾ ಮನೆತನವೊಂದರಲ್ಲಿ ಹುಟ್ಟಿದ ಆತನು ಹೈದರಾಲಿಯ ಕುದುರೆಸವಾರನಾಗಿ ಬಾಳನ್ನಾರಂಭಿಸಿದನು. ಮೂರನೆಯ ಮೈಸೂರು ಯುದ್ಧದ ಗೊಂದಲದಲ್ಲಿ ಸೈನ್ಯವನ್ನು ತೊರೆದು ಧಾರವಾಡದ ಸೀಮೆಯಲ್ಲಿ ಸುಲಿಗೆಗಿಳಿದನು. ಮರಾಠರು ಬೆನ್ನಟ್ಟಲು 1794ರಲ್ಲಿ ಟಿಪ್ಪುವಿನ ಮರೆಹೊಕ್ಕನು. ಅಲ್ಲಿ ಅವನಿಗೆ ದೊರೆತುದು ಮತಾಂತರ ಮತ್ತು ಸೆರೆಮನೆ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಸಂಕೋಲೆ ಕಳಚಿತು.

ಅನ್ನವನ್ನು ಕಳೆದುಕೊಂಡ ಟಿಪ್ಪುವಿನ ಸಿಪಾಯಿಗಳು ಆತನ ಸುತ್ತ ನೆರೆದರು. ಬಿದನೂರಿನ ಸೀಮೆ ಅವನ ಕೊಳ್ಳೆಗೆ ತುತ್ತಾಯಿತು. ಶಿಕಾರಿಪುರದಲ್ಲಿ ಸೋತು ಮರಾಠರ ನಾಡಿಗೆ ಓಡಿದವನು ಮತ್ತೆ ಬಲಗೂಡಿಸಿಕೊಂಡು, ಉಭಯಲೋಕಾಧೀಶ್ವರನೆಂಬ ಬಿರುದನ್ನು ತಾನೇ ಧರಿಸಿದನು. 1800ರ ಜೂನ್ 30ರಂದು ಕಿತ್ತೂರಿನ ಬಳಿ ಮರಾಠಾ ಸರದಾರ ಧೋಂಡೋಪಂತ ಗೋಖಲೆಯನ್ನು ಕೊಂದನು.

ಅವನನ್ನು ಅಡಗಿಸಲು ಹೊರಟವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದ ಸೇನಾನಿ. ಜುಲೈ 26ರಂದು ಡಂಬಳದ ಕೋಟೆಯನ್ನು ಹಿಡಿದು ಕಿಲ್ಲೇದಾರನನ್ನು ಗಲ್ಲಿಗೇರಿಸಿದನು. ಜುಲೈ 30ರಂದು ಮುನವಳ್ಳಿಯ ಬಳಿ ಧೋಂಡಿಯನ ಪಾಳೆಯದ ಮೇಲೆ ಹಠಾತ್ತನೆ ಎರಗಿದನು. ಸುಮಾರು 5,000 ಜನರನ್ನು ಮಲಪ್ರಭೆಗೆ ಅಟ್ಟಿ ಮುಳುಗಿಸಿದುದಾಗಿ ಆತನೇ ಮನ್ರೋಗೆ ಬರೆದನು. ಸೈನಿಕರೆಂದು ಅವನು ಬರೆಯಲಿಲ್ಲ, ಜನರೆಂದು ಬರೆದನು. ಆ ದಿನ ಸೆರೆಸಿಕ್ಕವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಹೊಳೆಯ ಪಾಲಾದವರಲ್ಲಿ ಕತ್ತಿ ಹಿಡಿದವರೆಷ್ಟು, ಕೂಸನ್ನು ಹಿಡಿದವರೆಷ್ಟು ಎಂಬ ಲೆಕ್ಕವನ್ನು ಆ ಪತ್ರವು ಇಡಲಿಲ್ಲ.

ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ವೆಲ್ಲೆಸ್ಲಿಯು ಕುದುರೆಯ ದಳವನ್ನು ತಾನೇ ಮುನ್ನಡೆಸಿದನು. ಧೋಂಡಿಯನು ಹೋರಾಡುತ್ತಲೇ ಮಡಿದನು. ಅವನ ಶವವನ್ನು ತೋಪಿಗೆ ಬಿಗಿದು ಪಾಳೆಯಕ್ಕೆ ತಂದರು. ಸಾಮಾನುಗಳ ನಡುವೆ ಒಬ್ಬ ಪುಟ್ಟ ಬಾಲಕನು ಸಿಕ್ಕಿದನು. ಧೋಂಡಿಯನ ಮಗ ಸಲಾಬತ್ ಖಾನ್. ವೆಲ್ಲೆಸ್ಲಿಯು ಅವನನ್ನು ತನ್ನ ಡೇರೆಗೆ ಕರೆದೊಯ್ದು ಸಲಹಿದನು, ಭಾರತವನ್ನು ಬಿಡುವಾಗ ಅವನ ಪೋಷಣೆಗೆ ಹಣವನ್ನಿಟ್ಟು ಹೋದನು. ಮೈಸೂರರಸರ ಸೇವೆಗೆ ಸೇರಿದ ಆ ಹುಡುಗನು 1822ರಲ್ಲಿ ಕಾಲರಾದಿಂದ ತೀರಿಕೊಂಡನು.

ಈ ಕರುಣೆ ಸುಳ್ಳಲ್ಲ, ಮಲಪ್ರಭೆಯೂ ಸುಳ್ಳಲ್ಲ. ಧೋಂಡಿಯನು ಸುಲಿದ ಹಳ್ಳಿಗರಿಗೆ ಅವನ ಸಾವು ನೆಮ್ಮದಿಯನ್ನು ತಂದಿರಬಹುದು. ಆದರೆ ಅವನನ್ನು ವೀರನೆಂದು ಹೊಗಳುವವರೂ ಕಳ್ಳನೆಂದು ತೆಗಳುವವರೂ ಹೊಳೆಗೆ ಬಿದ್ದವರನ್ನು ನೆನೆಯುವುದಿಲ್ಲ. ಒಬ್ಬ ಬಾಲಕನ ಹೆಸರು ಚರಿತ್ರೆಯಲ್ಲಿ ಉಳಿಯಿತು. ಉಳಿದವರದು ಬರಿಯ ಸಂಖ್ಯೆಯಾಯಿತು.