ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್

ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ (8 ಮೇ 1842 – 27 ಆಗಸ್ಟ್ 1909) ಡೆನ್ಮಾರ್ಕ್ ದೇಶದ ಶಿಲೀಂಧ್ರವಿಜ್ಞಾನಿ. ಒಂದೇ ಒಂದು ಯೀಸ್ಟ್ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿ, ಅದನ್ನು ಬಿಯರ್ ತಯಾರಿಕೆಯಲ್ಲಿ ಬಳಕೆಗೆ ತಂದವರೆಂದು ಇವರು ಪ್ರಸಿದ್ಧರು.

ಜನನ ಮತ್ತು ವಿದ್ಯಾಭ್ಯಾಸ

ಹ್ಯಾನ್ಸೆನ್ ರೀಬೆ ಪಟ್ಟಣದ ಬಡ ಕುಟುಂಬವೊಂದರಲ್ಲಿ ಜನಿಸಿದರು. ತಾರುಣ್ಯದಲ್ಲಿ ಮನೆಗಳಿಗೆ ಬಣ್ಣ ಬಳಿಯುವ ಕೆಲಸ ಮಾಡಿದರು. ಕಾದಂಬರಿಗಳನ್ನು ಬರೆದು ಓದಿನ ವೆಚ್ಚವನ್ನು ಹೊಂದಿಸಿಕೊಂಡರು. ಸಗಣಿಗೊಬ್ಬರದ ಮೇಲೆ ಬೆಳೆಯುವ ಶಿಲೀಂಧ್ರಗಳನ್ನು ಕುರಿತ ಇವರ ಪ್ರಬಂಧಕ್ಕೆ 1876ರಲ್ಲಿ ಚಿನ್ನದ ಪದಕ ದೊರೆಯಿತು. ಬೀಗಲ್ ಹಡಗಿನಲ್ಲಿ ಡಾರ್ವಿನ್ ಕೈಗೊಂಡ ಯಾನದ ಗ್ರಂಥವನ್ನು ಆಲ್ಫ್ರೆಡ್ ಯೋರ್ಗೆನ್‌ಸೆನ್ ಅವರೊಡಗೂಡಿ ಡ್ಯಾನಿಶ್ ಭಾಷೆಗೆ ಅನುವಾದಿಸಿದರು.

ಸಂಶೋಧನೆ

1879ರಲ್ಲಿ ಹ್ಯಾನ್ಸೆನ್ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಶರೀರಕ್ರಿಯಾ ವಿಭಾಗದ ಮುಖ್ಯಸ್ಥರಾದರು. ಆ ಕಾಲದಲ್ಲಿ ಒಂದು ತೊಟ್ಟಿಯ ಯೀಸ್ಟನ್ನೇ ಮುಂದಿನ ತೊಟ್ಟಿಗೆ ಹೆಪ್ಪಿನಂತೆ ಹಾಕುವುದು ವಾಡಿಕೆಯಾಗಿತ್ತು. ರಸವು ನೊರೆಯುಕ್ಕಿಸಿ ಚೆನ್ನಾಗಿ ಹುದುಗಿದರೂ ಕೆಲವೊಮ್ಮೆ ಬಿಯರ್ ಕಹಿಯಾಗಿ, ದುರ್ವಾಸನೆಗೊಂಡು ಕೆಡುತ್ತಿತ್ತು. ಬಿಯರಿನ ಕೆಡುಕಿಗೆ ಬ್ಯಾಕ್ಟೀರಿಯಾಗಳು ಕಾರಣವೆಂದು ಲೂಯಿ ಪಾಶ್ಚರ್ ತಿಳಿಸಿದ್ದರು. ಯೀಸ್ಟಿನಲ್ಲೇ ಹಲವು ಬಗೆಗಳಿದ್ದು, ಅವುಗಳಲ್ಲಿ ಕೆಲವು ಕಾಡು ಯೀಸ್ಟ್‌ಗಳೂ ಬಿಯರನ್ನು ಕೆಡಿಸುತ್ತವೆ ಎಂಬುದನ್ನು ಹ್ಯಾನ್ಸೆನ್ ತೋರಿಸಿಕೊಟ್ಟರು.

ದೋಷವನ್ನು ನಿವಾರಿಸಲು ಒಳ್ಳೆಯ ಯೀಸ್ಟನ್ನು ಬೇರ್ಪಡಿಸಬೇಕಾಗಿತ್ತು. ಹ್ಯಾನ್ಸೆನ್ ಯೀಸ್ಟನ್ನು ನೀರಿನಲ್ಲಿ ತೆಳುವಾಗಿಸಿ, ಸೂಕ್ಷ್ಮದರ್ಶಕದಿಂದ ಕೋಶಗಳನ್ನು ಎಣಿಸಿ, ಹಲವು ಸೀಸೆಗಳಿಗೆ ಹಂಚಿದರು. ಒಂದೇ ಚುಕ್ಕೆಯಂತೆ ಯೀಸ್ಟ್ ಬೆಳೆದ ಸೀಸೆಯಲ್ಲಿ ಒಂದೇ ಕೋಶದ ಸಂತತಿ ಇರುತ್ತದೆಂಬುದು ಇವರ ತರ್ಕ. ಹೀಗೆ ಪಡೆದ ಶುದ್ಧ ಯೀಸ್ಟನ್ನು 1883ರ ನವೆಂಬರ್‌ನಲ್ಲಿ ಕಾರ್ಲ್ಸ್‌ಬರ್ಗ್ ಕಾರ್ಖಾನೆಯಲ್ಲಿ ಬಳಸಲಾಯಿತು. ಈ ತಳಿಗೆ ಅನಂತರ ಸ್ಯಾಕರೋಮೈಸಿಸ್ ಕಾರ್ಲ್ಸ್‌ಬರ್ಜೆನ್ಸಿಸ್ ಎಂಬ ಹೆಸರು ಬಂತು. ತಂಪಿನಲ್ಲಿ ನಿಧಾನವಾಗಿ ಹುದುಗಿಸಿ ಕೊನೆಗೆ ತಳದಲ್ಲಿ ನೆಲೆಗೊಳ್ಳುವುದು ಇದರ ಗುಣ. ಶುದ್ಧ ಯೀಸ್ಟನ್ನು ಹೆಚ್ಚಿನ ಪ್ರಮಾಣದಲ್ಲಿ ಬೆಳೆಸುವ ಯಂತ್ರವೊಂದನ್ನೂ ಇವರು ಕ್ಯೂಲೆ ಅವರ ಜೊತೆಗೂಡಿ ರೂಪಿಸಿದರು.

ಪ್ರಭಾವ

ಕಾರ್ಖಾನೆಯ ಒಡೆಯರಾದ ಜೆ. ಸಿ. ಜೇಕಬ್‌ಸೆನ್ ಈ ವಿಧಾನವನ್ನು ಗುಟ್ಟಾಗಿಡದೆ, ಯೀಸ್ಟನ್ನು ಇತರ ತಯಾರಕರಿಗೂ ಹಂಚಿದರು. ಇದರಿಂದ ಹುದುಗುವಿಕೆಯು ಅದೃಷ್ಟವನ್ನು ನಂಬುವ ಕಸುಬಾಗಿ ಉಳಿಯದೆ, ಹತೋಟಿಗೆ ಒಳಪಟ್ಟ ವಿಜ್ಞಾನವಾಯಿತು. ಇಂದು ಮನೆಯಲ್ಲೇ ಬಿಯರ್ ತಯಾರಿಸುವವರು ಬಳಸುವ ಶುದ್ಧ ಯೀಸ್ಟ್ ಇದೇ ಪರಂಪರೆಯದು. ನೊರೆಯುಕ್ಕಿ ಪಾತ್ರೆಯಿಂದ ಹೊರಚೆಲ್ಲದಂತೆ ಅವರು ಯೀಸ್ಟಿನ ಗುಣಕ್ಕೆ ತಕ್ಕ ತಂಪನ್ನು ಕಾಯ್ದು, ಪಾತ್ರೆಯಲ್ಲಿ ತೆರವು ಬಿಟ್ಟು, ಅನಿಲ ಹೊರಹೋಗಲು ಕೊಳವೆಯನ್ನು ಜೋಡಿಸುತ್ತಾರೆ.

ನಿಧನ

ಮೂವತ್ತು ವರ್ಷ ಅದೇ ಪ್ರಯೋಗಾಲಯದಲ್ಲಿ ದುಡಿದ ಹ್ಯಾನ್ಸೆನ್ 1909ರಲ್ಲಿ ಹೋರ್ನ್‌ಬೆಕ್‌ನಲ್ಲಿ ನಿಧನರಾದರು.